ಮಾವ ಸಮೇತ ಆರಾಮಕುರ್ಚಿ

"ನನ್ನ ಕುರ್ಚಿ ಮಾರಕ್ಕೆ ನೀನ್ಯಾರೋ?"

"ನಾನು ಮಾರಿಲ್ಲ ಮಾವ. ಹೆಬ್ಬೆಟ್ಟು ಒತ್ತಿದ್ದು ನೀವೇ."

"ನಾನು ಒತ್ತಿದ್ದು, ನೀನು ಅದನ್ನ ಅಳಿಸಿ ತೋರಿಸ್ಲಿ ಅಂತ."

"ಅಳಿಸಕ್ಕಾಗಲ್ಲ ಅಂತ ತೋರಿಸಕ್ಕೇ ನಾನು ಒತ್ತಿಸಿದ್ದು."

"ಹಾಗಾದ್ರೆ ಈಗ ಅಳಿಸು."

"ಅದೇ ಮಾವ ನಾನು ಹೇಳ್ತಿರೋದು. ಆಗಲ್ಲ."

ಮಾತು ಇಲ್ಲಿಗೆ ಬಂದು ಮುಟ್ಟಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಗಾಣದ ಎತ್ತಿಗಾದರೂ ನಡುವೆ ಬಿಡುವು ಇರುತ್ತದೆ, ಇವರಿಬ್ಬರಿಗೆ ಇರಲಿಲ್ಲ. ಮಾವ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು, ಮುಳುಗುವ ದೋಣಿಯಲ್ಲಿ ಕೂತವರ ಹಾಗೆ ಕೂತಿದ್ದರು. ಅಳಿಯ ಎದುರಿಗೆ ನಿಂತು ಅಂಗಿಯ ಮೇಲಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದ. ಬಾಗಿಲಲ್ಲಿ ಕಂಪನಿಯ ವ್ಯಾನ್ ಡ್ರೈವರ್ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟು ಕೈಯಲ್ಲಿ ಸ್ಕ್ಯಾನರ್ ಹಿಡಿದು ನಿಂತಿದ್ದ. ಅವನ ಹಿಂದೆ ಹಗ್ಗದ ಸುರುಳಿ ಹೆಗಲಿಗೇರಿಸಿದ ಹಮಾಲಿ. ಈ ಮನೆಯಿಂದ ಒಂದು ಕುರ್ಚಿ ಎತ್ತಿಕೊಂಡು ಬಾ ಎಂದು ಡ್ರೈವರಿಗೆ ಹೇಳಿ ಕಳಿಸಿದ್ದರು. ಕುರ್ಚಿಯೇನೋ ಇತ್ತು. ಅದರ ಮೇಲೆ ಇಂಥದೊಂದು ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಈ ಅಳಿಯನಿಗೆ ಕೆಲಸದ ಜಾಗದಲ್ಲಿ ವಾಪಸಣ್ಣ ಎಂದು ಹೆಸರು. ಆನ್‌ಲೈನ್ ಅಂಗಡಿಯೊಂದರ ಗೋದಾಮಿನಲ್ಲಿ ಅವನ ಕೆಲಸ. ಜನ ಮೊಬೈಲಿನಲ್ಲಿ ನೋಡಿ ಸಾಮಾನು ತರಿಸಿಕೊಳ್ಳುತ್ತಾರೆ, ಅದು ಮನೆಗೆ ಬರುವ ಹೊತ್ತಿಗೆ ಮನಸ್ಸು ಬದಲಾಗಿರುತ್ತದೆ, ವಾಪಸು ಕಳಿಸುತ್ತಾರೆ. ಹಾಗೆ ವಾಪಸು ಬಂದದ್ದೆಲ್ಲ ಅವನ ಕೋಣೆಗೆ ಬಂದು ಬೀಳುತ್ತಿತ್ತು. ಒಮ್ಮೆ ತೊಟ್ಟು ಬೆವರಿ ಮಡಚಿಟ್ಟ ಕೋಟು, ಒಂದು ಕಾಲಿಗೆ ಮಾತ್ರ ಬಿಗಿಯಾದ ಜೋಡು, ಅತ್ತೆಗೆ ಹಿಡಿಸದ ಪರದೆ, ಸೊಸೆಗೆ ಹಿಡಿಸದ ದಿಂಬು. ಯಾಕೆ ಬಂತು, ಹೇಗೆ ಬಂತು ಎಂದು ಬಿಚ್ಚಿ ನೋಡಿ ಬರೆದಿಡಬೇಕು. ಇಷ್ಟು ವರ್ಷದಲ್ಲಿ ಅವನಿಗೆ ಒಂದು ನಂಬಿಕೆ ಗಟ್ಟಿಯಾಗಿಬಿಟ್ಟಿತ್ತು: ಹೊರಗೆ ಹೋದ ವಸ್ತು ವಾಪಸು ಬರಲೇಬೇಕು, ಇವತ್ತಲ್ಲದಿದ್ದರೆ ನಾಳೆ.

ಮನೆಯಲ್ಲೂ ಅವನ ಹಣೆಬರಹ ಅದೇ. ಈ ಮಾವ ಎಂದರೆ ಹೆಂಡತಿಯ ಸೋದರಮಾವ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಕಣ್ಣು ತೋರಿಸಿಕೊಂಡು ಹೋಗುತ್ತೇನೆ ಎಂದು ಬಂದರು. ಕನ್ನಡಕ ಬಂತು, ಹಳೆಯದಾಯಿತು, ಅದರ ನಂಬರು ಬದಲಾಗಿ ಇನ್ನೊಂದು ಬಂತು, ಮಾವ ಹೋಗಲಿಲ್ಲ. ಬರುವಾಗ ತಮ್ಮ ಆರಾಮಕುರ್ಚಿಯನ್ನೂ ಹೊರಿಸಿಕೊಂಡು ಬಂದಿದ್ದರು. ಬೆತ್ತದ ಹೆಣಿಗೆಯದು, ಉದ್ದನೆಯ ಕೈಗಳದ್ದು. ಕಚೇರಿಯಲ್ಲಿ ಉಳಿದವರಿಗೆ ಕುರ್ಚಿ, ಇವರಿಗೆ ಆರಾಮಕುರ್ಚಿ. ಸೇವೆ ಮುಗಿದ ದಿನ ಅದನ್ನು ಹರಾಜಿನಲ್ಲಿ ತಾವೇ ಕೂಗಿ, ರಸೀದಿ ಸಮೇತ ಮನೆಗೆ ಒಯ್ದಿದ್ದರು. ಈಗ ಅದು ವಾಪಸಣ್ಣನ ಮನೆಯ ಮುಂದಿನ ಕೋಣೆಯ ನಟ್ಟನಡುವೆ ಕೂತಿತ್ತು. ಅಡುಗೆಮನೆಯಿಂದ ಬಚ್ಚಲಿಗೆ ಹೋಗಬೇಕೆಂದರೆ ಮಾವ ಕಾಲು ಮಡಚಬೇಕು. ಓದುತ್ತಿರುವ ಸುದ್ದಿ ಮುಗಿಯುವ ತನಕ ಅವರು ಕಾಲು ಮಡಚುತ್ತಿರಲಿಲ್ಲ. ಕೆಲವು ಸುದ್ದಿ ತೀರಾ ಉದ್ದವಿರುತ್ತಿದ್ದವು. ಗಂಡ ಹೆಂಡತಿ ಅಡುಗೆಮನೆಯಲ್ಲೇ ನಿಂತು ಉಣ್ಣುತ್ತಿದ್ದರು.

ಸಾಲದ್ದಕ್ಕೆ ಮಾವನ ಹತ್ತಿರ ಕೊಕ್ಕೆ ಇರುವ ಒಂದು ಸ್ಪ್ರಿಂಗ್ ತಕ್ಕಡಿ ಇತ್ತು. ಮನೆಗೆ ಬಂದ ಈರುಳ್ಳಿ, ಸಾಬೂನು, ಬೆಲ್ಲ ಎಲ್ಲ ಮೊದಲು ಆ ಕೊಕ್ಕೆಗೆ ನೇತಾಡಬೇಕು. ಕೂದಲೆಳೆ ಕಡಿಮೆ ಬಂದರೂ, "ಅಳಿಯಂದ್ರೇ, ಇದನ್ನ ವಾಪಸು ಕೊಟ್ಟು ಬನ್ನಿ," ಎನ್ನುತ್ತಿದ್ದರು. ಸಮಾಧಾನವಾಗಿದ್ದಾಗ "ಅಳಿಯಂದ್ರೇ", ಸಿಟ್ಟಿನಲ್ಲಿ ಬರಿ "ಏನೋ". ಹೀಗೆ ಹಗಲೆಲ್ಲ ಊರವರು ವಾಪಸು ಕಳಿಸಿದ್ದನ್ನು ತೆಗೆದುಕೊಳ್ಳುವುದು, ಸಂಜೆ ಮಾವ ವಾಪಸು ಕಳಿಸಿದ್ದನ್ನು ಹೊತ್ತುಕೊಂಡು ಹೋಗುವುದು. ಬೀದಿಯ ಅಂಗಡಿಯವರು ಅವನನ್ನು ಕಂಡರೆ ಅರ್ಧ ಬಾಗಿಲು ಎಳೆದುಕೊಳ್ಳುತ್ತಿದ್ದರು. ಹೆಂಡತಿಗೆ ಹೇಳೋಣವೆಂದರೆ ಆಕೆಯನ್ನು ಎತ್ತಿ ಆಡಿಸಿ ಓದಿಸಿದವರೇ ಈ ಮಾವ. ಹೇಳುವ ಬಾಯಿ ಅವನಿಗಿರಲಿಲ್ಲ. ಕೇಳುವ ಕಿವಿ ಆಕೆಗಿತ್ತೋ ಇಲ್ಲವೋ, ಕೇಳಿದವರಿಲ್ಲ.

ಇಂಥ ಮನೆಗೆ ಬ್ಲಾಕ್‌ಚೈನ್ ಕಾಲಿಟ್ಟಿತು.

ಅದಕ್ಕೆ ಕಾರಣ ಕಂಪನಿಯ ಹಳೆ ಸಾಮಾನಿನ ವಿಭಾಗ. ಯಾರು ಬೇಕಾದರೂ ಮನೆಯಲ್ಲಿರುವ ಹಳೆಯ ಮೇಜು, ಕುರ್ಚಿ, ಪೆಟ್ಟಿಗೆಗಳನ್ನು ಅದರಲ್ಲಿ ಮಾರಬಹುದಿತ್ತು. ಮೊನ್ನೆ ಮಾಡಿದ ಮೇಜಿಗೆ ಚಹಾದ ಕಷಾಯ ಉಜ್ಜಿ, ಸರಪಳಿಯಲ್ಲಿ ನಾಲ್ಕು ಬಾರಿಸಿ, ಇದು ನಮ್ಮ ಮುತ್ತಜ್ಜನದು ಎಂದು ಮಾರುವ ಖದೀಮರು ಹುಟ್ಟಿಕೊಂಡರು. ಕೊಂಡವರು ಉಗುರಲ್ಲಿ ಕೆರೆದು ನೋಡಿ, ಮುತ್ತಜ್ಜನ ಕೆಳಗೆ ಹೊಸ ಹಲಗೆ ಕಂಡು, ಬೈದು ವಾಪಸು ಕಳಿಸಿದರು. ವಾಪಸಣ್ಣನ ಕೋಣೆಯಲ್ಲಿ ಮುತ್ತಜ್ಜಂದಿರು ಚಾವಣಿ ಮುಟ್ಟಿದರು. ಆಗ ಮಾಲೀಕರು ಬ್ಲಾಕ್‌ಚೈನ್ ತರಿಸಿದರು. ತರಬೇತಿಗೆ ಬಂದ ಮೇಡಂ ಅದನ್ನು ಸಾವಧಾನವಾಗಿ ವಿವರಿಸಿದರು. ವಸ್ತು ಯಾರ ಕೈಯಿಂದ ಯಾರ ಕೈಗೆ ಹೋದರೂ ಅವರವರು ಸ್ಕ್ಯಾನರಿಗೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದ್ದು ಒಂದು ಕೊಂಡಿ. ಕೊಂಡಿಗೆ ಕೊಂಡಿ ಸೇರಿ ಸರಪಳಿ. ಅದರ ನಕಲು ಮಾರಿದವನ ಹತ್ತಿರ, ಸಾಗಿಸಿದವನ ಹತ್ತಿರ, ಗೋದಾಮಿನವರ ಹತ್ತಿರ, ಎಲ್ಲರ ಹತ್ತಿರ ಇರುತ್ತದೆ. ಒಬ್ಬ ತನ್ನದನ್ನು ತಿದ್ದಿದರೆ ಉಳಿದವರ ನಕಲುಗಳೆಲ್ಲ ಅದನ್ನು ಸುಳ್ಳು ಎನ್ನುತ್ತವೆ. ಹಾಗಾಗಿ ತಿದ್ದಲು ಬರುವುದಿಲ್ಲ, ಅಳಿಸಲು ಬರುವುದಿಲ್ಲ. ಇನ್ನೊಂದು ಮಾತು: ಮೊದಲು ತೆಗೆದ ಚಿತ್ರದಲ್ಲಿ ವಸ್ತು ಹೇಗಿದೆಯೋ ಪ್ರತಿ ಕೈಯಲ್ಲೂ ಹಾಗೇ ಇರಬೇಕು. ಸ್ಕ್ಯಾನರ್ ತಾನೇ ನೋಡಿ ಹೋಲಿಸುತ್ತದೆ. ಹೊಂದಿದರೆ ಹಸಿರು ದೀಪ, ಹೊಂದದಿದ್ದರೆ ಮೊದಲು ಕಿತ್ತಳೆ, ಆಮೇಲೆ ಕೆಂಪು.

ಎಲ್ಲರಿಗೂ ಒಂದೇ ದಿನಕ್ಕೆ ಅರ್ಥವಾಯಿತು. ವಾಪಸಣ್ಣನಿಗೆ ಆಗಲಿಲ್ಲ. ಮನೆಗೆ ಒಯ್ದು ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ಮೇಡಂ ಒಂದು ಸ್ಕ್ಯಾನರನ್ನೂ ಕೆಲವು ಸ್ಟಿಕರುಗಳನ್ನೂ ಕೊಟ್ಟು, ಶುರು ಮಾಡುವ ಮುಂಚೆ ಹಳದಿ ಗುಂಡಿ ಒತ್ತುವುದನ್ನು ಮರೆಯಬೇಡಿ, ಒತ್ತಿದರೆ ಅದು ಅಭ್ಯಾಸ, ಇಲ್ಲದಿದ್ದರೆ ನಿಜ ಎಂದು ಒತ್ತಿ ಹೇಳಿದರು. ದಾರಿಯುದ್ದಕ್ಕೂ ವಾಪಸಣ್ಣ ಹಳದಿ ಗುಂಡಿ, ಹಳದಿ ಗುಂಡಿ ಎಂದು ಬಾಯಿಪಾಠ ಮಾಡುತ್ತ ಬಂದ. ಮನೆಯ ಬಾಗಿಲಿಗೆ ಬಂದಾಗ ಪಕ್ಕದ ಮನೆಯ ಹೊಲಿಗೆಯಕ್ಕ, "ಕೈಯಲ್ಲಿರೋದು ಏನಣ್ಣ, ಪಿಸ್ತೂಲಾ?" ಎಂದು ಕೇಳಿದಳು. ಅಲ್ಲಿಗೆ ಹಳದಿ ಗುಂಡಿ ತಲೆಯಿಂದ ಹಾರಿತು, ಗತ್ತು ಬಂದು ಕೂತಿತು. ದಡ್ಡನೆಂದು ಅಭ್ಯಾಸಕ್ಕೆ ಕಳಿಸಿದ್ದಾರೆ ಎನ್ನುವುದನ್ನು ನುಂಗಿಕೊಂಡು, ಕಂಪನಿಯ ಬ್ಲಾಕ್‌ಚೈನ್ ಪೂರ್ತಿ ತನ್ನ ಕೈಗೇ ಕೊಟ್ಟಿದ್ದಾರೆ ಎಂದ.

ಮಾವ ಪೇಪರಿನ ಹಿಂದಿನಿಂದ ಎಲ್ಲ ಕೇಳಿಸಿಕೊಂಡರು. ಅಳಿಸಲಾಗದ ಬರಹ ಎನ್ನುವುದು ಲೋಕದಲ್ಲೇ ಇಲ್ಲ, ಸರ್ಕಾರಿ ಕಚೇರಿಯಲ್ಲಿ ತಾವು ಅಳಿಸದೇ ಬಿಟ್ಟದ್ದು ಏನೂ ಇಲ್ಲ ಎಂದು ಸವಾಲು ಹಾಕಿದರು. ವಾಪಸಣ್ಣನಿಗೆ ರೋಷ ಬಂತು. ಕುರ್ಚಿಯ ಕಾಲಿಗೆ ಸ್ಟಿಕರ್ ಅಂಟಿಸಿಯೇಬಿಟ್ಟ. ಚಿತ್ರ ತೆಗೆಯಬೇಕು, ಸ್ವಲ್ಪ ಏಳಿ ಎಂದರೆ ಮಾವ ಏಳಲಿಲ್ಲ, ತೆಗೆಯುವುದಾದರೆ ಹೀಗೇ ತೆಗೆ ಎಂದರು. ಹಾಗೇ ತೆಗೆದ: ಕುರ್ಚಿ, ಅದರ ಮೇಲೆ ಮಾವ, ಮಾವನ ಮೂಗಿನ ಮೇಲೆ ಕನ್ನಡಕ. ಮಾರುವವರು ಎಂದಿದ್ದ ಕಡೆ ಮಾವ ಹೆಬ್ಬೆಟ್ಟು ಒತ್ತಿದರು. ಪರೀಕ್ಷಿಸಿದವರು ಎಂದಿದ್ದ ಕಡೆ ಹೆಂಡತಿ ಕೈ ಒರೆಸಿಕೊಂಡು ಬಂದು ಒತ್ತಿದಳು. ಸಾಕ್ಷಿಗೆ ಹೊಲಿಗೆಯಕ್ಕ. ಅವಳ ಹೆಬ್ಬೆರಳು ಸೂಜಿ ಚುಚ್ಚಿ ಚುಚ್ಚಿ ಗೆರೆಯೆಲ್ಲ ಹರಿದುಹೋಗಿದ್ದರಿಂದ ಯಂತ್ರ ಒಪ್ಪಲಿಲ್ಲ, ಕಿರುಬೆರಳು ಕೊಟ್ಟಳು. ಮಾವ ಹರಾಜಿನ ರಸೀದಿಯನ್ನೂ ಪೆಟ್ಟಿಗೆಯಿಂದ ತೆಗೆದು ಅದಕ್ಕೆ ತೋರಿಸಿದರು. ಬೆಲೆಯನ್ನು ಯಂತ್ರವೇ ಹಾಕಿಕೊಂಡಿತು. ಹಸಿರು ದೀಪ ಹತ್ತಿತು.

"ಈಗ ಅಳಿಸಿ ನೋಡೋಣ ಅಳಿಯಂದ್ರೇ."

"ಆಗಲ್ಲ ಮಾವ."

"ನಾಳೆ ಆಗುತ್ತೆ, ಬಿಡಿ," ಎಂದು ಮಾವ ಕಾಲು ಚಾಚಿ ಪೇಪರು ಹಿಡಿದರು.

ಮರುದಿನ ವಾಪಸಣ್ಣ ಗೋದಾಮಿಗೆ ಕಾಲಿಟ್ಟರೆ ಅಲ್ಲಿ ಹಬ್ಬದ ಕಳೆ. ಸಾಮಾನು ಇಳಿಸುವ ಅಂಗಳದ ಗೋಡೆಗೆ ದೊಡ್ಡ ಪರದೆ ಹಾಕಿದ್ದರು. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಅವನೂ ಎತ್ತಿದ. ಪರದೆಯ ಮೇಲೆ ಇಷ್ಟೆತ್ತರಕ್ಕೆ ಮಾವ ಕೂತಿದ್ದರು.

ಮ್ಯಾನೇಜರ್ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ಅಷ್ಟು ವರ್ಷದಲ್ಲಿ ಆ ಕೈ ಆ ಹೆಗಲಿಗೆ ಬಂದದ್ದು ಅದೇ ಮೊದಲು. ಹಳೆ ಸಾಮಾನಿನವರೆಲ್ಲರ ಸರಪಳಿಯಲ್ಲೂ ನಡುವೆ ತೂತು ಇದೆಯಂತೆ, ಯಾರ ಹತ್ತಿರವೂ ಹಿಂದಿನ ರಸೀದಿ ಇಲ್ಲವಂತೆ; ಒಂದೇ ಒಂದು ತೂತಿಲ್ಲದ ಸರಪಳಿ ವಾಪಸಣ್ಣ ತಂದದ್ದಂತೆ. ಯಂತ್ರ ಅದಕ್ಕೆ ಶುದ್ಧ ಮೂಲ ಎಂದು ಮುದ್ರೆ ಒತ್ತಿ ಮೊದಲ ಪುಟಕ್ಕೆ ಹಾಕಿತು. ಬೆಳಗಾಗುವುದರೊಳಗೆ ಯಾರೋ ಕೊಂಡೂಬಿಟ್ಟರು. ನಾಳೆ ಮಾಲೀಕರು ಬರುತ್ತಾರೆ, ಮೊದಲ ಸರಪಳಿ ಮನೆಯಿಂದ ಗೋದಾಮಿಗೆ, ಗೋದಾಮಿನಿಂದ ಕೊಂಡವರಿಗೆ ಹೋಗುವುದನ್ನು ಇದೇ ಪರದೆಯಲ್ಲಿ ನೋಡುತ್ತಾರೆ. ಇಷ್ಟನ್ನೂ ಮ್ಯಾನೇಜರ್ ಒಂದೇ ಉಸಿರಿಗೆ ಹೇಳಿದ.

ವಾಪಸಣ್ಣನಿಗೆ ಹಳದಿ ಗುಂಡಿ ಆಗ ನೆನಪಾಯಿತು. ಅಕಸ್ಮಾತ್ ಒಂದು ಕೊಂಡಿ ಕೆಂಪಾದರೆ ಏನಾಗುತ್ತದೆ ಎಂದು, ಸುಮ್ಮನೆ ತಿಳಿದುಕೊಳ್ಳಲು ಎಂಬಂತೆ, ಕೇಳಿದ.

ಮ್ಯಾನೇಜರ್ ನಗುತ್ತಲೇ ಹೇಳಿದ: "ಕೆಂಪಾದ್ರೆ ನಿಮ್ಮ ಹೆಸರಲ್ಲಿ ಕೆಂಪಾಗುತ್ತೆ. ಅದನ್ನ ಅಳಿಸಕ್ಕಾಗಲ್ಲ ನೋಡಿ. ನಾನು ನಿಮ್ಮನ್ನ ಮನೆಗೆ ಕಳಿಸಬೇಕಾಗುತ್ತೆ. ಬೇರೆ ಕಂಪನಿಗೆ ಹೋದ್ರೂ ಅವರ ಹತ್ರಾನೂ ನಕಲು ಇರುತ್ತೆ."

ಅವತ್ತು ವಾಪಸಣ್ಣ ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಹೇಳದಿದ್ದರೆ ವ್ಯಾನ್ ಬರುವುದಿಲ್ಲ ಎಂದು ಅವನ ಲೆಕ್ಕ. ಮರುದಿನ ವ್ಯಾನ್ ಬಂತು, ಎಲ್ಲವನ್ನೂ ಹೇಳಬೇಕಾಯಿತು. ಅಲ್ಲಿಂದಲೇ ಈ ಜಗಳ.

ಜಗಳದ ಸುತ್ತು ಹೀಗೇ ನಡೆಯುತ್ತಿರುವಾಗ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಇಷ್ಟು ಹೊತ್ತು ಅವಳು ಬಾಯಿ ಬಿಟ್ಟಿರಲಿಲ್ಲ. ಈಗಲೂ ದನಿ ಏರಿಸಲಿಲ್ಲ.

"ಮಾವ, ಸಹಿ ಹಾಕೋದನ್ನ ನನಗೆ ಕಲಿಸಿದ್ದು ನೀವು. ಹಾಕೋ ಮುಂಚೆ ಓದು, ಹಾಕಿದ ಮೇಲೆ ಇಲ್ಲ ಅನ್ನಬೇಡ ಅಂದಿದ್ರಿ. ನಾಲ್ಕು ಜನರ ಎದುರಿಗೆ ಒತ್ತಿದೀರಿ. ಇವರ ಕೆಲಸ ಹೋದ್ರೆ ನಾವು ಮೂರೂ ಜನ ಏನು ತಿನ್ನೋಣ?"

ಬೇರೆ ಯಾವ ಮಾತಿಗೂ ಮಾವ ಬಗ್ಗುತ್ತಿರಲಿಲ್ಲ. ತಮ್ಮ ಮಾತಿಗೆ ತಾವೇ ಬಗ್ಗಬೇಕಾಯಿತು. ತಾವು ಒತ್ತಿದ ಮುದ್ರೆ ಸುಳ್ಳಾದ ದಾಖಲೆ ಇಲಾಖೆಯ ಚರಿತ್ರೆಯಲ್ಲೇ ಇಲ್ಲ, ಆಗುವುದೂ ಇಲ್ಲ ಎಂದು ಗೋಡೆಗೆ ಹೇಳಿ, ಕುರ್ಚಿಯ ಕೈಯನ್ನು ಒಮ್ಮೆ ಸವರಿ, ಎದ್ದು ಪಕ್ಕಕ್ಕೆ ನಿಂತರು. ಹಮಾಲಿ ಹಗ್ಗ ಬಿಚ್ಚಿದ. ವಾಪಸಣ್ಣನಿಗೆ ಹೋದ ಜೀವ ಬಂದಂತಾಯಿತು. ಡ್ರೈವರ್ ಬರಿ ಕುರ್ಚಿಗೆ ಸ್ಕ್ಯಾನರ್ ಹಿಡಿದ. ಅದು ಕಪ್ಪೆಯ ಹಾಗೆ ವಟಗುಟ್ಟಿ ಕಿತ್ತಳೆ ದೀಪ ತೋರಿಸಿತು. ಚಿತ್ರಕ್ಕೆ ಹೊಂದುತ್ತಿಲ್ಲ, ಇನ್ನೊಮ್ಮೆ ತಪ್ಪಿದರೆ ಕೆಂಪು ಎಂದು ಬರೆದುಕೊಂಡಿತು.

ಡ್ರೈವರ್ ಚಿತ್ರವನ್ನು ಹತ್ತಿರ ಹಿಡಿದು ನೋಡಿದ. "ಇದರಲ್ಲಿ ಯಜಮಾನ್ರು ಇದ್ದಾರಲ್ಲ ಸರ್."

"ಇದ್ದಾರೆ. ಆದ್ರೆ ಅವರು ಕುರ್ಚಿ ಅಲ್ಲ."

"ಅದು ನನಗೆ ಗೊತ್ತು ಸರ್. ಇದಕ್ಕೆ ಗೊತ್ತಿಲ್ಲ."

ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ ಹೊಲಿಗೆಯಕ್ಕ ಓಡಿಹೋಗಿ ತನ್ನ ಅಂಗಡಿಯಿಂದ ಬಟ್ಟೆ ತೊಡಿಸುವ ಗೊಂಬೆಯ ಮುಂಡ ತಂದಳು. ಅದಕ್ಕೆ ತಲೆ ಇರಲಿಲ್ಲ. ಕನ್ನಡಕ ಎಲ್ಲಿಗೆ ಹಾಕುವುದು ಎಂಬ ಪ್ರಶ್ನೆ ಬಂದು ಆ ಯೋಜನೆ ಅಲ್ಲಿಗೇ ಬಿತ್ತು. ಆ ಕುರ್ಚಿಯಲ್ಲಿ ಮಾವನಲ್ಲದೆ ಇನ್ನೊಬ್ಬ ಮನುಷ್ಯ ಕೂರಬಹುದು ಎಂಬ ಯೋಚನೆ ಆ ಮನೆಯಲ್ಲಿ ಯಾರಿಗೂ ಯಾವತ್ತೂ ಬಂದಿರಲಿಲ್ಲ. ಅವತ್ತೂ ಬರಲಿಲ್ಲ. ಕೊನೆಗೆ ಮಾವನೇ ಕನ್ನಡಕ ಏರಿಸಿ, ಪೇಪರು ತೆಗೆದುಕೊಂಡು, ಕೂತರು. ಹಸಿರು ದೀಪ ಹತ್ತಿತು.

"ನಡೀರಿ," ಎಂದರು ಮಾವ. "ದಾಖಲೆ ಪ್ರಕಾರ ಏನಾಗಬೇಕೋ ಆಗಲಿ."

ಕುರ್ಚಿಯನ್ನು ಮಾವ ಸಮೇತ ಎತ್ತಿದರು. ಒಂದು ಕಡೆ ಡ್ರೈವರ್, ಇನ್ನೊಂದು ಕಡೆ ಹಮಾಲಿ, ಹಿಂದೆ ವಾಪಸಣ್ಣ. ಬೀದಿಯ ಬಾಗಿಲುಗಳೆಲ್ಲ ತೆರೆದವು. ಅರ್ಧ ಬಾಗಿಲು ಎಳೆದುಕೊಳ್ಳುತ್ತಿದ್ದ ಅಂಗಡಿಯವರು ಪೂರ್ತಿ ತೆರೆದರು. ಮಾವ ಎಡಬಲ ನೋಡದೆ ಪೇಪರು ಓದುತ್ತ ಸಾಗಿದರು. ಎಲ್ಲಿಗೆ ಹೊರಟರು ಎಂದು ಯಾರೋ ಹೊಲಿಗೆಯಕ್ಕನನ್ನು ಕೇಳಿದರು. ಆನ್‌ಲೈನ್‌ನಲ್ಲಿ ಯಾರೋ ತರಿಸಿಕೊಂಡಿದ್ದಾರೆ ಎಂದಳು ಅವಳು. ಬೆಲ್ಲದ ಅಂಗಡಿಯವನು ಅಲ್ಲೇ ಕೈ ಮುಗಿದ. ಮಾವನಿಗಲ್ಲ, ತರಿಸಿಕೊಂಡವರಿಗೆ.

ಗೋದಾಮಿನಲ್ಲಿ ಮಾಲೀಕರು ಸಾಲಾಗಿ ನಿಂತಿದ್ದರು. ವ್ಯಾನಿನ ಬಾಗಿಲು ತೆರೆದಾಗ ಮ್ಯಾನೇಜರನ ಮುಖದ ಬಣ್ಣ ಸುಣ್ಣದಂತಾಯಿತು. ವಾಪಸಣ್ಣ ಅವನ ಕಿವಿಯಲ್ಲಿ ವಿಷಯ ಉಸುರಿದ. ಮ್ಯಾನೇಜರ್ ಪರದೆಯ ಚಿತ್ರ ನೋಡಿದ, ಕುರ್ಚಿ ನೋಡಿದ, ಮಾಲೀಕರ ಕಡೆ ನೋಡಿದ. ನಂತರ ಹಲ್ಲು ಕಿರಿದು, ವಸ್ತುವಿನ ಜೊತೆಗೆ ಅದರ ಇತಿಹಾಸವನ್ನೂ ಕಳಿಸುವುದು ನಮ್ಮ ಹೊಸ ಪದ್ಧತಿ ಎಂದು ಹೇಳಿಬಿಟ್ಟ. ಮಾಲೀಕರು ಚಪ್ಪಾಳೆ ತಟ್ಟಿದರು. ಒಬ್ಬರಂತೂ ಮಾವನ ಹತ್ತಿರ ಬಂದು ಬಗ್ಗಿ ನೋಡಿ, ಕೆಲಸಗಾರಿಕೆ ಚೆನ್ನಾಗಿದೆ ಎಂದರು. ಬೆತ್ತದ ಮಾತೋ ಮಾವನ ಮಾತೋ, ತಿಳಿಯಲಿಲ್ಲ.

ಪ್ಯಾಕಿಂಗಿನ ಹುಡುಗಿ ಮಾತ್ರ ನಿಯಮ ಬಿಡಲಿಲ್ಲ. ಹಳೆ ಸಾಮಾನು ಗುಳ್ಳೆ ಪ್ಲಾಸ್ಟಿಕ್ ಸುತ್ತದೆ ಹೊರಗೆ ಹೋಗುವಂತಿಲ್ಲ. ಕುರ್ಚಿಯ ಕಾಲಿಗೆ ಸುತ್ತಿದಳು, ಕೈಗೆ ಸುತ್ತಿದಳು, ಮಾವನ ಮೊಣಕೈಗೂ ಸುತ್ತಿದಳು. ಒಡೆಯುವ ವಸ್ತು, ಜೋಪಾನ ಎಂಬ ಚೀಟಿಯನ್ನು ಎಲ್ಲಿಗೆ ಅಂಟಿಸುವುದೆಂದು ಸ್ವಲ್ಪ ಯೋಚಿಸಿ ಅವರ ಎದೆಗೆ ಅಂಟಿಸಿದಳು. ಮಾವ ಅದನ್ನು ಸಹಿಸಿದರು. ಸಹಿಸಲಾಗದ್ದು ಗೋದಾಮಿನ ತೂಕದ ಯಂತ್ರ. ಕುರ್ಚಿ ಸಮೇತ ಅದರ ಮೇಲೆ ಇಟ್ಟಾಗ, ಇದು ನೆಲಕ್ಕೆ ಸಮನಾಗಿಲ್ಲ, ನೀವೆಲ್ಲ ಊರಿಗೆ ತಪ್ಪು ತೂಕ ಹಂಚುತ್ತಿದ್ದೀರಿ ಎಂದು ಶುರು ಮಾಡಿದರು. ವಾಪಸಣ್ಣ ಹೆಬ್ಬೆಟ್ಟು ಒತ್ತಿ, ಹಸಿರು ಬಂದ ಕೂಡಲೇ ವ್ಯಾನಿನ ಬಾಗಿಲು ಹಾಕಿಸಿ, ತಾನೂ ಡ್ರೈವರನ ಪಕ್ಕ ಹತ್ತಿ ಕೂತ. ಒಳಗಿನಿಂದ ಮಾವನ ಭಾಷಣ ಗೇಟಿನ ತನಕ ಕೇಳಿಸುತ್ತಿತ್ತು.

ಕೊನೆಯ ಕೊಂಡಿ ಒಂದು ಉಳಿದಿತ್ತು. ಕೊಂಡವನ ಹೆಬ್ಬೆಟ್ಟು.

ಕೊಂಡವನದು ಪೇಟೆಯ ಹಿಂದಿನ ಓಣಿಯಲ್ಲಿ ತಕ್ಕಡಿ ರಿಪೇರಿಯ ಅಂಗಡಿ. ಚಾವಣಿಯಿಂದ ನೆಲದವರೆಗೆ ತಕ್ಕಡಿಗಳು ತೂಗಾಡುತ್ತಿದ್ದವು. ಮಧ್ಯದಲ್ಲಿ ಮಾವನ ಓರಗೆಯ ಮುದುಕ, ಮಾವನಷ್ಟೇ ದಪ್ಪ ಕನ್ನಡಕ, ಒಂದು ಮುಕ್ಕಾಲಿಯ ಮೇಲೆ ಕೂತಿದ್ದ. ಕುರ್ಚಿ ಒಳಗೆ ಬಂದದ್ದನ್ನು ನೋಡಿ ಎದ್ದ. ಕುರ್ಚಿಯ ಮೇಲಿದ್ದವರನ್ನು ನೋಡಿ ಮತ್ತೆ ಕೂತ.

"ಇವರನ್ನ ಯಾಕೆ ತಂದ್ರಿ? ನಾನು ಕುರ್ಚಿ ಮಾತ್ರ ತಗೊಂಡಿದ್ದು."

ವಾಪಸಣ್ಣ ಇದು ಯಂತ್ರದ ಸಣ್ಣ ತೊಂದರೆ, ತಾವು ಒಂದು ಹೆಬ್ಬೆಟ್ಟು ಒತ್ತಿದರೆ ಮುಗಿಯಿತು ಎಂದು ಕೈ ಜೋಡಿಸಿದ. ತಕ್ಕಡಿಯವನು ಅವನ ಕಡೆ ನೋಡಲೇ ಇಲ್ಲ.

"ಇನ್‌ಸ್ಪೆಕ್ಟರ್ರೇ, ಗುರುತು ಸಿಕ್ತಾ? ವರ್ಷವರ್ಷ ತಕ್ಕಡಿ ತಲೆ ಮೇಲೆ ಹೊತ್ಕೊಂಡು ಬಂದು ಈ ಕುರ್ಚಿ ಮುಂದೆ ನಿಲ್ತಿದ್ದೆ. ಮುದ್ರೆ ಹಾಕಿಸ್ಕೊಳ್ಳೋಕೆ. ಒಂದು ದಿನ ಆದ್ರೂ ಕೂತ್ಕೋ ಅಂದ್ರಾ?"

"ಕೂರಕ್ಕೆ ಅಲ್ಲಿ ಇನ್ನೊಂದು ಕುರ್ಚಿ ಇರ್ಲಿಲ್ಲ."

"ಅದಕ್ಕೇ ಇದನ್ನ ತಗೊಂಡೆ. ಚಿತ್ರ ನೋಡಿದ ಕೂಡ್ಲೆ ಗೊತ್ತಾಯ್ತು, ಅದೇ ಕುರ್ಚಿ, ಅದೇ ಮುಖ. ಸಾಯೋದ್ರೊಳಗೆ ಒಂದ್ಸಲ ಇದರಲ್ಲಿ ಕೂರ್ಬೇಕು ಅಂತ. ಏಳಿ."

"ನಾನು ಎದ್ರೆ ಚಿತ್ರಕ್ಕೆ ಹೊಂದಲ್ಲ. ಮೊದಲು ಹೆಬ್ಬೆಟ್ಟು ಒತ್ತು, ಆಮೇಲೆ ಏಳ್ತೀನಿ."

"ಕೂತು ನೋಡದೆ ಒತ್ತೋನು ನಾನಲ್ಲ. ಮೊದಲು ಏಳಿ, ಆಮೇಲೆ ಒತ್ತೀನಿ."

ಇಲ್ಲಿಂದ ಮಾತು ಮುಂದೆ ಹೋಗಲಿಲ್ಲ. ಮಾವ ಕುರ್ಚಿಯ ಕೈ ಹಿಡಿದರು, ಗುಳ್ಳೆ ಪ್ಲಾಸ್ಟಿಕ್ ಪಟಪಟ ಒಡೆಯಿತು. ತಕ್ಕಡಿಯವನು ಕೈ ಕಟ್ಟಿದ. ಡ್ರೈವರ್ ಸ್ಕ್ಯಾನರನ್ನು ಕುರ್ಚಿಗೆ ಹಿಡಿದೇ ನಿಂತ, ಅವನ ತೋಳು ನಡುಗತೊಡಗಿತು. ವಾಪಸಣ್ಣ ಇವರ ಕಾಲು ಹಿಡಿದ, ಅವರ ಗಲ್ಲ ಹಿಡಿದ. ಗೋದಾಮಿನಿಂದ ಫೋನಿನ ಮೇಲೆ ಫೋನು. ಮಾಲೀಕರು ಪರದೆಯ ಮುಂದೆ ಚಹಾ ಕುಡಿದು ಮುಗಿಸಿದ್ದಾರಂತೆ, ಏನಾಯಿತಂತೆ. ತಕ್ಕಡಿಯವನು ಕೊನೆಗೆ ಹೇಳಿಬಿಟ್ಟ: ಇದು ತಾನು ಕೇಳಿದ ವಸ್ತುವಲ್ಲ, ಹೊಂದಿಲ್ಲ ಎಂದು ಬರೆದುಕೊಳ್ಳಲಿ, ವಾಪಸು ಒಯ್ಯಲಿ.

ವಾಪಸು. ಆ ಮಾತಿನ ಅರ್ಥ ವಾಪಸಣ್ಣನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ವಾಪಸು ಬಂದ ಕುರ್ಚಿ, ವಾಪಸು ಬಂದ ಮಾವ, ತನ್ನ ಕೋಣೆಗೆ, ತನ್ನ ಹೆಸರಿನಲ್ಲಿ, ಕೆಂಪಾಗಿ. ಅದನ್ನು ಬಿಚ್ಚಿ ನೋಡಿ, ಯಾಕೆ ಬಂತು ಎಂದು ತಾನೇ ಬರೆದು, ಕೆಲಸ ಬಿಟ್ಟು ಮನೆಗೆ ಹೋಗಬೇಕು. ಮನೆಯಲ್ಲೂ ಅದೇ ಕುರ್ಚಿ ಇರುತ್ತದೆ. ಅವನು ಅಲ್ಲೇ ನೆಲದ ಮೇಲೆ ಕೂತು ತಲೆಗೆ ಕೈ ಕೊಟ್ಟ.

ಆಗ ಮಾವನ ಕಣ್ಣು ಚಾವಣಿಯ ಕಡೆ ಹೋಯಿತು.

"ಅದರ ಮುಳ್ಳು ಎಡಕ್ಕೆ ವಾಲಿದೆ."

"ಯಾವುದು?"

"ಆ ಹಿತ್ತಾಳೇದು. ಬಾಗಿಲ ಹತ್ರದ್ದು."

"ಅದು ನಾನು ನಿನ್ನೆ ಸರಿ ಮಾಡಿದ್ದು. ವಾಲಿಲ್ಲ."

"ವಾಲಿದೆ."

"ವಾಲಿಲ್ಲ ಅಂದ್ನಲ್ಲ. ನಿಮ್ಮ ಕಣ್ಣು ವಾಲಿದೆ."

ಮಾವನನ್ನು ಮುದುಕ ಎನ್ನಬಹುದಿತ್ತು, ಜಿಪುಣ ಎನ್ನಬಹುದಿತ್ತು, ಅವರಿಗೆ ಏನೂ ಆಗುತ್ತಿರಲಿಲ್ಲ. ಮುಳ್ಳಿನ ವಿಷಯದಲ್ಲಿ ಅವರ ಕಣ್ಣಿಗೆ ಯಾರೂ ಕೈ ಹಾಕಿರಲಿಲ್ಲ. ಅವರು ದಢಕ್ಕನೆ ಎದ್ದರು. ಪ್ಲಾಸ್ಟಿಕ್ ಚರಪರ ಸದ್ದು ಮಾಡುತ್ತ, ಎದೆಯ ಮೇಲಿನ ಚೀಟಿ ಅಲ್ಲಾಡುತ್ತ, ಬಾಗಿಲ ಹತ್ತಿರ ಹೋಗಿ ತಕ್ಕಡಿಯ ದಂಡಿಗೆಗೆ ಮೂಗು ತಾಗಿಸಿ ನಿಂತರು.

ತಕ್ಕಡಿಯವನು ಒಂದು ಕ್ಷಣವೂ ತಡಮಾಡಲಿಲ್ಲ. ಬಂದು ಕುರ್ಚಿಯಲ್ಲಿ ಕೂತ. ಬೆನ್ನು ಒರಗಿಸಿದ, ಕಾಲು ಚಾಚಿದ, ಉದ್ದ ಕೈಗಳ ಮೇಲೆ ತನ್ನ ಕೈ ಇಟ್ಟ. ಕನ್ನಡಕದ ಹಿಂದೆ ಅವನ ಕಣ್ಣು ಮುಚ್ಚಿಕೊಂಡಿತು.

ಡ್ರೈವರನ ತೋಳು ಸೋತುಹೋಗಿತ್ತು. ಬೆರಳು ತಾನಾಗಿ ಸ್ಕ್ಯಾನರಿನ ಗುಂಡಿಯ ಮೇಲೆ ಬಿತ್ತು. ಕಿಣಿ ಎಂದು ಸದ್ದು. ವಾಪಸಣ್ಣ ತಲೆ ಎತ್ತಲಿಲ್ಲ. ಎತ್ತಿ ಕೆಂಪು ನೋಡುವ ಧೈರ್ಯ ಅವನಿಗಿರಲಿಲ್ಲ.

"ಸರ್," ಎಂದ ಡ್ರೈವರ್, "ಹಸಿರು."

ಯಂತ್ರಕ್ಕೆ ಬೇಕಾಗಿದ್ದದ್ದು ಒಂದು ಕುರ್ಚಿ, ಅದರ ಮೇಲೆ ಕನ್ನಡಕ ಹಾಕಿದ ಒಬ್ಬ ಮುದುಕ. ಯಾವ ಮುದುಕ ಎಂದು ಅದು ಕೇಳಿರಲೇ ಇಲ್ಲ. ಇಡೀ ದಿನ ಮನೆ, ಬೀದಿ, ಗೋದಾಮು, ಮಾಲೀಕರು ಎಲ್ಲ ಸೇರಿ ಹೊತ್ತು ತಿರುಗಿದ್ದು ದಂಡ. ತಕ್ಕಡಿಯವನು ಕಣ್ಣು ತೆರೆಯದೆ ಹೆಬ್ಬೆರಳು ಚಾಚಿದ. ವಾಪಸಣ್ಣ ಎರಡೂ ಕೈಯಲ್ಲಿ ಅದನ್ನು ಹಿಡಿದು ಒತ್ತಿಸಿದ. ಫೋನಿನಲ್ಲಿ ಮ್ಯಾನೇಜರನ ದನಿಯೂ ಅದರ ಹಿಂದೆ ಮಾಲೀಕರ ಚಪ್ಪಾಳೆಯೂ ಕೇಳಿಸಿತು. ವಾಪಸಣ್ಣ ಹೊರಗೆ ಬಂದು ಓಣಿಯ ಗೋಡೆಗೆ ಒರಗಿ ನಿಂತ. ನಂತರ ಒಳಗೆ ಹಣಿಕಿ, ಮಾವ, ಹೋಗೋಣವೇ ಎಂದು ಕೇಳಿದ. ಮಾವ ತಿರುಗಲಿಲ್ಲ. ಮುಳ್ಳು ಎಡಕ್ಕೇ ವಾಲಿದೆ ಎಂದು ಅವರು ಹೇಳುತ್ತಿದ್ದರು. ಸಾಬೀತು ಮಾಡಿ ನೋಡೋಣ ಎಂದು ಕುರ್ಚಿಯಿಂದ ಉತ್ತರ ಬರುತ್ತಿತ್ತು.

ಸಂಜೆ ಮುಂದಿನ ಕೋಣೆ ಅಪರಿಚಿತರ ಮನೆಯ ಹಾಗಿತ್ತು. ಕುರ್ಚಿ ಇದ್ದ ಕಡೆ ನೆಲ ಮಾತ್ರ ಬೇರೆ ಬಣ್ಣ. ಹೆಂಡತಿ ಅದನ್ನು ಎರಡು ಸಲ ಒರೆಸಿದ್ದಳು. ಇಬ್ಬರೂ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. ಸುಮ್ಮನೆ ಒಮ್ಮೆ ವಾಪಸಣ್ಣ ಎದ್ದು ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ ನೇರವಾಗಿ ನಡೆದು ಬಂದ. ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಮಾವ ಬಂದರು.

ಮೊಣಕೈಯ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಇಬ್ಬರೂ ಕಾಲು ಮಡಚಿ ಎದ್ದುನಿಂತರು. ಹೆಂಡತಿ ಸ್ಟೂಲು ತಂದಿಟ್ಟಳು. ಮಾವ ಅದನ್ನು ನೋಡಿದರು, ಬೇರೆ ಬಣ್ಣದ ನೆಲವನ್ನು ನೋಡಿದರು, ಕೂರಲಿಲ್ಲ. ತಮ್ಮ ಪೆಟ್ಟಿಗೆಯನ್ನು ಎಳೆದು, ಬಟ್ಟೆ ತುಂಬಿ, ಮೇಲೆ ಸ್ಪ್ರಿಂಗ್ ತಕ್ಕಡಿ ಇಟ್ಟು ಮುಚ್ಚಿದರು.

"ಅವನ ಅಂಗಡಿ ತುಂಬ ತಕ್ಕಡಿ ಇದೆ, ಒಂದೂ ನೆಟ್ಟಗಿಲ್ಲ. ಹೇಳಿದ್ರೆ ಒಪ್ಪಲ್ಲ, ಕೂತಲ್ಲಿಂದ ಏಳೋದೂ ಇಲ್ಲ. ನನ್ನ ಕುರ್ಚಿ ನೋಡು ಅದು. ಅವನು ಏಳೋವರೆಗೆ ನಾನು ಬಿಡಲ್ಲ. ಅಂಗಡಿ ಹಿಂದೆ ಒಂದು ಕೋಣೆ ಖಾಲಿ ಇದೆಯಂತೆ."

ಊಟ ಮಾಡಿಕೊಂಡು ಹೋಗಿ ಮಾವ ಎಂದು ಹೆಂಡತಿ ಹೇಳಿದಳು. ಅವಳ ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ಅದೂ ನಿಜವೇ. ಮಾವ ಅವಳ ತಲೆ ಸವರಿದರು. ಹೊತ್ತಾಯಿತು, ತಾವಿಲ್ಲದಾಗ ಅವನು ಆ ಮುಳ್ಳನ್ನು ಏನಾದರೂ ಮಾಡಿಬಿಡುತ್ತಾನೆ ಎಂದರು. ಹೊಸ್ತಿಲ ಹತ್ತಿರ ನಿಂತು ತಿರುಗಿದರು.

"ಅಳಿಯಂದ್ರೇ, ಅದು ಅಳಿಸಕ್ಕೆ ಆಗಲ್ಲ ಅಂದ್ರಲ್ಲ, ಖಂಡಿತ ತಾನೇ?"

"ಖಂಡಿತ ಮಾವ. ಯಾರಿಂದಲೂ ಆಗಲ್ಲ."

"ಒಳ್ಳೇದು. ಇನ್ನು ಅವನು ಕುರ್ಚಿ ವಾಪಸು ಒಯ್ಯಿ ಅನ್ನೋ ಹಾಗಿಲ್ಲ," ಎಂದು ಮಾವ ಪೆಟ್ಟಿಗೆ ಎತ್ತಿಕೊಂಡು ಹೊರಟರು.

ಗಂಡ ಹೆಂಡತಿ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಪ್ಲಾಸ್ಟಿಕ್ ಒಂದೊಂದೇ ಗುಳ್ಳೆ ಒಡೆಯುವ ಸದ್ದು ಬೀದಿಯುದ್ದಕ್ಕೂ ಹೋಯಿತು, ಬೆಲ್ಲದ ಅಂಗಡಿಯ ಮುಂದೆ ಸ್ವಲ್ಪ ನಿಂತಿತು, ಮತ್ತೆ ಮುಂದಕ್ಕೆ ಹೋಯಿತು. ತಿರುವಿನಾಚೆ ಕೇಳಿಸದಾಯಿತು. ಹೆಂಡತಿ ಚಹಾ ಬಿಸಿ ಮಾಡಲು ಒಳಗೆ ಹೋದಳು. ವಾಪಸಣ್ಣ ಮಾತ್ರ ಕತ್ತಲಾಗುವ ತನಕ ಹೊಸ್ತಿಲಲ್ಲೇ ನಿಂತಿದ್ದ, ಅಭ್ಯಾಸಬಲ. ಅವನು ಕಂಡಂತೆ ಹೊರಗೆ ಹೋದದ್ದೆಲ್ಲ ವಾಪಸು ಬಂದಿತ್ತು, ಮಾವ ಬರಲಿಲ್ಲ.